ಮಗಳಿಗೊಂದು ಪತ್ರ: ಕಾಲು ತೊಳೆಯುವ ಕೆಲಸ

ಉಡುಪಿ

ಪ್ರೀತಿಯ ಮಗಳೇ,

ನಿನ್ನೆ ಫೋನಿನಲ್ಲಿ ಕೇಳಿದ ಮಾತಿಗೆ ಆಗಲೇ ಏನಾದರೂ ಹೇಳಬಹುದಿತ್ತು. ಆದರೆ ನಿನಗೆ ಮೆಸ್ಸಿಗೆ ಹೋಗುವ ಅವಸರ. ಇದು ಅವಸರದಲ್ಲಿ ಆಡುವ ಮಾತಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಓದಿ ಪುಸ್ತಕದ ಒಳಗೆ ಇಟ್ಟುಕೋ.

ಆಸ್ಪತ್ರೆಯ ವಾರ್ಡಿನಲ್ಲಿ ಒಬ್ಬರು ಅಜ್ಜಿ ಹಾಸಿಗೆಯಲ್ಲೇ ಕಕ್ಕಸು ಮಾಡಿಕೊಂಡಿದ್ದರು, ಸಿಸ್ಟರ್ ಜೊತೆ ನೀನು ಶುಚಿ ಮಾಡಿದೆ, ಹೊಟ್ಟೆ ತೊಳಸಿ ಬಂತು, ರಾತ್ರಿ ಊಟ ಸೇರಲಿಲ್ಲ ಅಂದೆ. ಆಮೇಲೆ ಸ್ವರ ತಗ್ಗಿಸಿ, "ಅಮ್ಮಾ, ಇಗರ್ಜಿಯಲ್ಲಿ ಸೇವೆ, ದೀನತೆ ಅಂತ ಅಷ್ಟು ಹಾಡ್ತೇವೆ. ನನ್ನೊಳಗೆ ಅದು ಇಲ್ವೇನೋ" ಅಂದೆ.

ಇದೆ ಮಗಳೇ. ಅಸಹ್ಯ ಆಗುವುದು ಪಾಪ ಅಲ್ಲ. ಮೂಗಿಗೆ ವಾಸನೆ ಹೊಡೆದರೆ ಹೊಟ್ಟೆ ತೊಳಸುತ್ತದೆ, ಅದು ದೇಹದ ಗುಣ. ಮಾಸ್ಕ್ ಹಾಕಿಕೊಂಡು ಬಾಯಿಯಿಂದ ಉಸಿರಾಡು. ಬೇಕಾದ ಬಟ್ಟೆ, ಬೇಸಿನ್, ಶೀಟು ಎಲ್ಲ ಮೊದಲೇ ಕೈಗೆ ಸಿಗುವ ಹಾಗೆ ಇಟ್ಟುಕೋ, ಮಧ್ಯದಲ್ಲಿ ಓಡಬೇಕಾಗಬಾರದು. ಕೆಲವು ತಿಂಗಳಲ್ಲಿ ಮೂಗು ತಾನೇ ಒಗ್ಗಿಕೊಳ್ಳುತ್ತದೆ. ಇಷ್ಟು ವರ್ಷ ಇದೇ ಕೆಲಸ ಮಾಡಿದವಳು ಹೇಳುತ್ತಿದ್ದೇನೆ, ನಂಬು.

ನನಗೆ ಗೊತ್ತಾಗಬೇಕಾದದ್ದು ಬೇರೆ. ನೀನು ಶುಚಿ ಮಾಡುವಾಗ ಆ ಅಜ್ಜಿ ನಿನ್ನ ಮುಖ ನೋಡಿದರಾ? ನೋಡಿದ್ದರೆ ಅವರಿಗೆ ಅಲ್ಲಿ ಏನು ಕಂಡಿತು?

ಹಾಸಿಗೆ ಹಿಡಿದವರಿಗೆ ನೋವಿಗಿಂತ ಜಾಸ್ತಿ ಕಾಡುವುದು ನಾಚಿಕೆ. ನಮ್ಮ ಊರಿನ ಹೆಂಗಸರು ಮನೆಯವರ ಎದುರೂ ಸೆರಗು ಸರಿಮಾಡಿಕೊಂಡೇ ಬದುಕಿದವರು. ಅವರು ಯಾರೋ ಗೊತ್ತಿಲ್ಲದ ಹುಡುಗಿಯ ಎದುರು ಬೆತ್ತಲಾಗಿ ಮಲಗಬೇಕು. ನೀನು ಎಷ್ಟು ಚೆನ್ನಾಗಿ ಒರೆಸಿದೆ ಅನ್ನುವುದನ್ನು ಅವರು ಮರೆಯುತ್ತಾರೆ. ನಿನ್ನ ಹುಬ್ಬು ಗಂಟಿಕ್ಕಿದ್ದನ್ನು ಮರೆಯುವುದಿಲ್ಲ.

ನಾನು ಹೊಸತಾಗಿ ಕೆಲಸಕ್ಕೆ ಸೇರಿದಾಗ ನಮ್ಮ ವಾರ್ಡಿನಲ್ಲಿ ಒಬ್ಬರು ಆಯಾ ಇದ್ದರು. ಓದು ಬರಹ ಇಲ್ಲ, ತುಳು ಬಿಟ್ಟರೆ ಬೇರೆ ಮಾತಿಲ್ಲ. ಕಾರ್ಕಳದ ಕಡೆಯ ಒಬ್ಬ ದೊಡ್ಡ ಮನೆಯ ಯಜಮಾನ್ತಿಗೆ ಪಾರ್ಶ್ವವಾಯು ಹೊಡೆದು ತಂದಿದ್ದರು. ಆ ಮನೆಯಲ್ಲಿ ದಿನಾ ಇಪ್ಪತ್ತು ಮೂವತ್ತು ಜನಕ್ಕೆ ಬಡಿಸಿದ ಕೈ ಅದು, ಈಗ ಎತ್ತಲಿಕ್ಕೆ ಬರುವುದಿಲ್ಲ. ಮೊದಲ ದಿನ ಶೀಟು ಬದಲಿಸುವಾಗ ಅವರು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಗೋಡೆ ಕಡೆ ತಿರುಗಿದರು. ಕಣ್ಣಿನ ಬದಿಯಿಂದ ನೀರು ಇಳಿಯುತ್ತಿತ್ತು. ಆಯಾ ಅದನ್ನು ಒರೆಸಲಿಲ್ಲ, ಅಳಬೇಡಿ ಅಂತಲೂ ಹೇಳಲಿಲ್ಲ. ಕೈ ಕೆಲಸ ನಿಲ್ಲಿಸದೆ, "ಅಮ್ಮಾ, ನಮ್ಮ ಮನೆಯ ಕುಕ್ಕುದ ಉಪ್ಪಡ್, ಮಾವಿನ ಉಪ್ಪಿನಕಾಯಿ, ಪ್ರತಿ ವರ್ಷ ಬೂಸ್ಟು ಹಿಡಿಯುತ್ತದೆ, ಯಾಕೆ?" ಅಂತ ತುಳುವಿನಲ್ಲಿ ಕೇಳಿದರು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ತೊದಲುತ್ತಾ ತೊದಲುತ್ತಾ ಉತ್ತರ ಬಂತು. ಭರಣಿಗೆ ನೀರಿನ ಪಸೆ ತಾಗಬಾರದು. ಉಪ್ಪಿನಲ್ಲಿ ಮಿಡಿ ಚೆನ್ನಾಗಿ ಚಿರುಟಿಕೊಳ್ಳುವ ತನಕ ಕಾಯಬೇಕು. ನಿನಗೆ ಅವಸರ ಜಾಸ್ತಿ, ಅದಕ್ಕೇ ಕೆಡುತ್ತದೆ. ಆಯಾ "ಹೌದಾ ಅಮ್ಮಾ" ಅನ್ನುತ್ತಾ ಒರೆಸಿ, ಮಗ್ಗುಲು ತಿರುಗಿಸಿ, ಹೊಸ ಶೀಟು ಎಳೆದು ಮುಗಿಸಿದ್ದರು. ಯಜಮಾನ್ತಿ ಆಗಲೂ ಸಾಸಿವೆ ಎಷ್ಟು ಹಾಕಬೇಕು ಅಂತ ಹೇಳುತ್ತಲೇ ಇದ್ದರು.

ಯಾವ ಪಾಠದಲ್ಲೂ ನಾನು ಅದನ್ನು ಓದಿರಲಿಲ್ಲ. ಆ ಹೊತ್ತಿನಲ್ಲಿ ಕೊಡುವವರು ಯಜಮಾನ್ತಿ, ತೆಗೆದುಕೊಳ್ಳುವವರು ಆಯಾ. ಮಲ ಬಳಿಯುವ ಕೆಲಸ ನಡೆದದ್ದು ಇಬ್ಬರಿಗೂ ಗೊತ್ತು. ಆದರೆ ಅದರಿಂದ ಒಬ್ಬರು ಮೇಲೆ, ಒಬ್ಬರು ಕೆಳಗೆ ಆಗಲಿಲ್ಲ. ದೀನತೆ ಅಂದರೆ ನನಗೆ ಇವತ್ತಿಗೂ ಅದೇ. ನೀನು ನಿನ್ನನ್ನು ಎಷ್ಟು ತಗ್ಗಿಸಿಕೊಂಡೆ ಅಂತ ಲೆಕ್ಕ ಇಡಬೇಡ. ನಿನ್ನ ಎದುರಿಗೆ ಇರುವವರು ತಗ್ಗದ ಹಾಗೆ ನೋಡಿಕೋ.

ಯೇಸುವೂ ಹಾಗೇ ಮಾಡಿದ್ದು. ಬೈಬಲಿನಲ್ಲಿ ಯೋಹಾನನ ಸುವಾರ್ತೆಯ 4ನೇ ಅಧ್ಯಾಯ ತೆಗೆದು ನೋಡು. ಸಮಾರ್ಯದ ಹೆಂಗಸಿಗೆ ಜೀವಜಲ ಕೊಡಲಿಕ್ಕೆ ಬಂದವನು ಮೊದಲು ಅವಳ ಹತ್ತಿರ ಕುಡಿಯಲಿಕ್ಕೆ ನೀರು ಕೇಳಿದ. ಉರಿ ಬಿಸಿಲಿಗೆ ಒಬ್ಬಳೇ ಬಾವಿಗೆ ಬಂದ ಹೆಂಗಸು ಅವಳು. ಯೆಹೂದ್ಯರಿಗೂ ಸಮಾರ್ಯದವರಿಗೂ ಬಳಕೆಯೇ ಇರಲಿಲ್ಲ. ಅಂಥವಳ ಹತ್ತಿರ ಕೈ ಚಾಚಿ ಮಾತು ಶುರು ಮಾಡಿದ. ಬುದ್ಧಿ ಹೇಳಿ ಶುರು ಮಾಡಲಿಲ್ಲ, ಅಲ್ವಾ?

ನಮ್ಮ ಕರಾವಳಿಯಲ್ಲೂ ಕೆಲವರು ಕೇಳುವುದನ್ನು ಕಲಿತೇ ಕೆಲಸ ಮಾಡಿದರು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನಿನ ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದವರು. ಕಲಿಸಬೇಕು ಅಂತ ಬಂದವರಿಗೆ ಮೊದಲು ಇಲ್ಲಿನವರ ಹತ್ತಿರ ಕೂತು ಕನ್ನಡ, ತುಳು ಕಲಿಯಬೇಕಾಯಿತು. ಅದೇ ಮಿಷನಿನ ಕಿಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ಅಚ್ಚಾದದ್ದು ಮಂಗಳೂರಿನಲ್ಲೇ. ಅಷ್ಟು ದಪ್ಪ ಪುಸ್ತಕ ತುಂಬಬೇಕಾದರೆ ಎಷ್ಟು ಜನರ ಬಾಯಿಂದ ಮಾತು ಕೇಳಿಸಿಕೊಂಡಿರಬೇಕು! ನಿನ್ನ ವಾರ್ಡಿಗೂ ತುಳು, ಕೊಂಕಣಿ, ಬ್ಯಾರಿ, ಮಲಯಾಳ ಎಲ್ಲ ಬರುತ್ತದೆ. ಬೆಳ್ತಂಗಡಿ ಕಡೆಯಿಂದ ಬರುವ ಅಜ್ಜಿಯ ಹತ್ತಿರ "ಓಲು ಬೇನೆ ಆಪುಂಡು?", ಎಲ್ಲಿ ನೋವಾಗುತ್ತದೆ, ಅಂತ ತುಳುವಿನಲ್ಲಿ ಕೇಳಿ ನೋಡು, ಮುಖ ಹೇಗೆ ಅರಳುತ್ತದೆ ಅಂತ. ಬ್ಯಾರಿ ಮಾತು ನಿನಗೆ ಬರುವುದಿಲ್ಲ. ಬಂದವರ ಹತ್ತಿರವೇ ಒಂದೆರಡು ಮಾತು ಕೇಳಿ ಕಲಿ. ತಪ್ಪಾಗಿ ಹೇಳಿದರೆ ಅವರು ತಿದ್ದಲಿ. ತಿದ್ದುವಾಗ ಅವರಿಗೂ ಸ್ವಲ್ಪ ಹೊತ್ತು ತಾವು ರೋಗಿ ಅನ್ನುವುದು ಮರೆಯುತ್ತದೆ.

ಈಗ ಯೇಸು ಶಿಷ್ಯರ ಕಾಲು ತೊಳೆದ ಕಥೆಗೆ ಬರುತ್ತೇನೆ. ಯೋಹಾನ 13 ನಿನಗೆ ಸಂಡೇಸ್ಕೂಲಿನಿಂದ ಬಾಯಿಪಾಠ. ಆದರೆ ಲೂಕನ 22ನೇ ಅಧ್ಯಾಯವನ್ನೂ ಅದರ ಜೊತೆ ಇಟ್ಟು ಓದು. ಅದೇ ರಾತ್ರಿಯ ಊಟದಲ್ಲಿ ಶಿಷ್ಯರು ತಮ್ಮೊಳಗೆ ಯಾರು ದೊಡ್ಡವರು ಅಂತ ಚರ್ಚೆಗೆ ಇಳಿದಿದ್ದರು. ಧೂಳಿನ ಕಾಲಿನಲ್ಲೇ ಎಲ್ಲರೂ ಕೂತಿದ್ದಾರೆ. ಕಾಲು ತೊಳೆಯುವುದು ಮನೆಯ ಆಳಿನ ಕೆಲಸ, ಹಾಗಾಗಿ ಯಾರೂ ಏಳಲಿಲ್ಲ. ಯೇಸು ಎದ್ದು, ಮೇಲುಬಟ್ಟೆ ತೆಗೆದಿಟ್ಟು, ಸೊಂಟಕ್ಕೆ ಟವೆಲು ಕಟ್ಟಿಕೊಂಡು, ಬೋಗುಣಿಗೆ ನೀರು ಹಾಕಿದ. ಪೇತ್ರ ಬೇಡವೇ ಬೇಡ ಅಂದ. ನಾಚಿಕೆ ಮಗಳೇ, ಅದು ನಾಚಿಕೆ. ಆ ಯಜಮಾನ್ತಿ ಗೋಡೆ ಕಡೆ ತಿರುಗಿದ್ದೂ ಪೇತ್ರ ಕಾಲು ಹಿಂದಕ್ಕೆ ಎಳೆದುಕೊಂಡದ್ದೂ ಒಂದೇ. ಯೇಸು ಅವನನ್ನು ಗದರಿಸಿ ಕಾಲು ಹಿಡಿಯಲಿಲ್ಲ, ಮಾತಾಡಿ ಒಪ್ಪಿಸಿದ. ನೀನೂ ಮುಟ್ಟುವ ಮೊದಲು ಹೇಳು. ಈಗ ಮಗ್ಗುಲು ತಿರುಗಿಸುತ್ತೇನೆ, ಈಗ ಬೆನ್ನು ಒರೆಸುತ್ತೇನೆ, ನೀರು ಸ್ವಲ್ಪ ಬಿಸಿ ಇದೆ, ಆಗಬಹುದಾ ಅಂತ ಕೇಳು. ಪ್ರಜ್ಞೆ ಇಲ್ಲದವರಿಗೂ ಹೇಳು.

ನಿನಗೆ ಕಾಲು ತೊಳೆಯುವ ಕೆಲಸ ನಿಜವಾಗಿಯೂ ಬರುತ್ತದೆ, ಅದರಲ್ಲೂ ಸಕ್ಕರೆ ಕಾಯಿಲೆಯವರದ್ದು. ಅದನ್ನು ಸಣ್ಣ ಕೆಲಸ ಅಂತ ಬೇಗ ಮುಗಿಸಬೇಡ. ಅವರಲ್ಲಿ ಎಷ್ಟೋ ಜನಕ್ಕೆ ಪಾದದಲ್ಲಿ ಸ್ಪರ್ಶವೇ ಗೊತ್ತಾಗುವುದಿಲ್ಲ. ನೀರು ಬಿಸಿ ಜಾಸ್ತಿಯಾಗಿ ಬೊಬ್ಬೆ ಎದ್ದರೂ ಅವರು ಸುಮ್ನೆ ಕೂತಿರುತ್ತಾರೆ. ಅದಕ್ಕೇ ನೀರಿನ ಹದವನ್ನು ನಿನ್ನ ಮೊಣಕೈ ಅದ್ದಿ ನೋಡು, ಅವರ ಕಾಲಿಟ್ಟು ನೋಡಬೇಡ. ತೊಳೆದ ಮೇಲೆ ಬೆರಳ ಸಂದಿಗಳನ್ನು ಒಂದೊಂದಾಗಿ ಬಿಡಿಸಿ ಒತ್ತಿ ಒರೆಸು, ಉಜ್ಜಬೇಡ. ಅಲ್ಲಿ ಪಸೆ ಉಳಿದರೆ ಚರ್ಮ ಬಿಳಿಚಿಕೊಂಡು ಬಿರಿಯುತ್ತದೆ. ಹಿಮ್ಮಡಿ ಒಡೆದಿದೆಯಾ, ಪಾದದ ಅಡಿಯಲ್ಲಿ ಎಲ್ಲಾದರೂ ಕೆಂಪಗಾಗಿದೆಯಾ ನೋಡು. ಗದ್ದೆಯಲ್ಲಿ ಬರಿಗಾಲಿನಲ್ಲಿ ನಡೆದವರ ಕಾಲಿನಲ್ಲಿ ಮುಳ್ಳು ಮುರಿದು ಕೂತು ವಾರ ಕಳೆದಿರುತ್ತದೆ, ಅವರಿಗೇ ಗೊತ್ತಿರುವುದಿಲ್ಲ. ಆ ಸಣ್ಣ ಗಾಯ ಕೀವಾಗಿ, ಕೊನೆಗೆ ಬೆರಳು ತೆಗೆಯಬೇಕಾಗಿ ಬಂದದ್ದನ್ನು ನಾನು ನೋಡಿದ್ದೇನೆ. ಮೊಣಕಾಲೂರಿ, ಬೆಳಕಿನಲ್ಲಿ, ಹತ್ತಿರದಿಂದ ನೋಡಿದವರಿಗೆ ಮಾತ್ರ ಅದು ಮೊದಲೇ ಕಾಣುತ್ತದೆ.

ಮತ್ತೊಂದು. ಆ ರಾತ್ರಿ ಯೇಸುವನ್ನು ಹಿಡಿದುಕೊಡಲಿದ್ದ ಯೂದನೂ ಅಲ್ಲೇ ಇದ್ದ. ಅವನು ಎದ್ದು ಹೊರಗೆ ಹೋದದ್ದು ಕಾಲು ತೊಳೆಸಿಕೊಂಡ ಮೇಲೆ. ಯೇಸುವಿಗೆ ಗೊತ್ತಿತ್ತು, ಆದರೂ ಬೋಗುಣಿಯನ್ನು ಅವನ ಮುಂದಕ್ಕೂ ಸರಿಸಿದ. ಇದನ್ನು ಓದುವಾಗೆಲ್ಲ ನನಗೆ ಮುಂದಿನ ವಚನಕ್ಕೆ ಹೋಗಲಿಕ್ಕೆ ಮನಸ್ಸಾಗುವುದಿಲ್ಲ. ಕುಡಿದು ಬಿದ್ದು ಬಂದು ಬಾಯಿಗೆ ಬಂದ ಹಾಗೆ ಬೈಯುವವನೂ ನಿನ್ನ ವಾರ್ಡಿಗೆ ಬರುತ್ತಾನೆ. ನಿನ್ನ ಕೈಯಿಂದ ನೀರು ಬೇಡ ಅನ್ನುವವರೂ ಬರಬಹುದು. ಅವರ ಗಾಯಕ್ಕೂ ಅಷ್ಟೇ ಮೆತ್ತಗಿನ ಕೈ ಬೇಕು.

ಹಾಗಂತ ಎಲ್ಲವನ್ನೂ ಬಾಯಿ ಮುಚ್ಚಿ ಸಹಿಸು ಅಂತ ನಾನು ಹೇಳುವುದಿಲ್ಲ. ಮಹಾಯಾಜಕನ ಎದುರು ಕಾವಲಿನವನು ಕೆನ್ನೆಗೆ ಹೊಡೆದಾಗ ಯೇಸು ಸುಮ್ಮನಿರಲಿಲ್ಲ. ನಾನು ತಪ್ಪು ಆಡಿದ್ದರೆ ತೋರಿಸು, ಸರಿ ಆಡಿದ್ದರೆ ಯಾಕೆ ಹೊಡೆದೆ ಅಂತ ಕೇಳಿದ. ಯೋಹಾನ 18ರಲ್ಲಿದೆ. ಯಾರಾದರೂ ಮೈ ಮುಟ್ಟಲು ಬಂದರೆ ಜೋರಾಗಿ ಹೇಳು, ಇನ್‌ಚಾರ್ಜ್ ಸಿಸ್ಟರಿಗೆ ತಿಳಿಸು. ಬರೆದ ಮದ್ದಿನ ಪ್ರಮಾಣ ಸರಿ ಇಲ್ಲ ಅನಿಸಿದರೆ, ಬರೆದವರು ಎಷ್ಟು ದೊಡ್ಡ ಡಾಕ್ಟರ್ ಆದರೂ ಮತ್ತೊಮ್ಮೆ ಕೇಳಿಯೇ ಕೊಡು. ರೋಗಿಯ ಜೀವ ನಿನ್ನ ಸಂಕೋಚಕ್ಕಿಂತ ದೊಡ್ಡದು. ಹೆದರಿಕೆಗೆ ದೀನತೆ ಅಂತ ಹೆಸರಿಟ್ಟು ಮೂಲೆಯಲ್ಲಿ ನಿಂತವರನ್ನು ನಾನು ಬಹಳ ಕಂಡಿದ್ದೇನೆ. ಅದರಿಂದ ಯಾರಿಗೂ ಒಳ್ಳೆಯದಾಗಲಿಲ್ಲ.

ಕೆಲವು ದಿನ ನೀನು ಏನು ಮಾಡಿದರೂ ರೋಗಿ ಗುಣವಾಗುವುದಿಲ್ಲ. ಆಗ ಕಂಕನಾಡಿಯನ್ನು ನೆನಪು ಮಾಡಿಕೋ, ನೀನು ಬಸ್ಸಿನಲ್ಲಿ ದಾಟುವ ಜಾಗವೇ. ಜರ್ಮನಿಯಿಂದ ಬಂದ ಆಗಸ್ಟಸ್ ಮುಲ್ಲರ್ ಎಂಬ ಪಾದ್ರಿ 1880ರಲ್ಲಿ ಅಲ್ಲಿ ಹೋಮಿಯೋಪಥಿ ಮದ್ದು ಕೊಡಲಿಕ್ಕೆ ಶುರು ಮಾಡಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಒಂದು ಆಸರೆ ಕಟ್ಟಿದರು. ಅವರು ಕ್ಯಾಥೊಲಿಕರು, ನಾವು ಸಿಎಸ್‌ಐ ಎಂಬ ಪ್ರೊಟೆಸ್ಟಂಟ್ ಸಭೆಯವರು, ಅದು ಇಲ್ಲಿ ಮುಖ್ಯ ಅಲ್ಲ. ಕುಷ್ಠವನ್ನು ಗುಣ ಮಾಡುವ ಮದ್ದು ಬಂದದ್ದು 1940ರ ದಶಕದಲ್ಲಿ. ಅಂದರೆ ಅಷ್ಟೂ ವರ್ಷ ಅಲ್ಲಿ ಆಗುತ್ತಿದ್ದದ್ದು ಹುಣ್ಣು ತೊಳೆಯುವುದು, ಬಟ್ಟೆ ಕಟ್ಟುವುದು, ಹೊಟ್ಟೆಗೆ ಹಾಕುವುದು, ಊರಿನಿಂದ ಹೊರಗೆ ಹಾಕಿದವರಿಗೆ ಮಲಗಲಿಕ್ಕೆ ಒಂದು ಜಾಗ ಕೊಡುವುದು. ಗುಣ ಮಾಡಲಿಕ್ಕೆ ಆಗದಿದ್ದರೂ ಮಾಡುವ ಕೆಲಸ ಇತ್ತು. ನಮ್ಮ ಉಡುಪಿಯ ಮಿಷನ್ ಆಸ್ಪತ್ರೆ ಶುರುವಾದದ್ದೂ ಹಾಗೆ ದೂರದಿಂದ ಬಂದವರಿಂದಲೇ. ಸ್ವಿಟ್ಜರ್ಲೆಂಡಿನ ಡಾಕ್ಟರ್ ಇವಾ ಲೊಂಬಾರ್ಡ್ 1923ರಲ್ಲಿ ಅದನ್ನು ಆರಂಭಿಸಿದರು. ನಮ್ಮ ಕೇರಿಯಲ್ಲಿ ಅಲ್ಲಿ ಹುಟ್ಟದ ಮಕ್ಕಳನ್ನು ಹುಡುಕಬೇಕು.

ರೋಗಿಗಳ ಹತ್ತಿರ ಪ್ರಾರ್ಥನೆ ಮಾಡಬಹುದಾ ಅಂತ ಕೇಳಿದ್ದೆಯಲ್ಲ. ಹಾಸಿಗೆಯಲ್ಲಿ ಇರುವವರಿಗೆ ಎದ್ದು ಹೋಗಲಿಕ್ಕೆ ಆಗುವುದಿಲ್ಲ. ಹಾಗಾಗಿ ಅವರ ಎದುರು ನಮ್ಮ ವಿಶ್ವಾಸದ ಮಾತನ್ನು ನಾವಾಗಿ ಎತ್ತುವುದು ನನಗೆ ಸರಿ ಕಾಣುವುದಿಲ್ಲ. ಸಭೆಯಲ್ಲಿ ಕೆಲವರು ಇದನ್ನು ಒಪ್ಪಲಿಕ್ಕಿಲ್ಲ, ಆದರೂ ನನ್ನ ಮಾತು ಇದೇ. ಅವರಾಗಿ ಕೇಳಿದರೆ ಕೈ ಹಿಡಿದು ಪ್ರಾರ್ಥನೆ ಮಾಡು. ಕೇಳದಿದ್ದರೆ ಶೀಟು ಹಾಕುವಾಗ ಮನಸ್ಸಿನಲ್ಲೇ ಅವರ ಹೆಸರು ಹೇಳಿ ದೇವರಿಗೆ ಒಪ್ಪಿಸು. ನಮಾಜಿಗೆ ಮುಖ ತೊಳೆಯಬೇಕು ಅಂದವರಿಗೆ ನೀರು ತಂದುಕೊಡು. ಕೃಷ್ಣಮಠದ ಪ್ರಸಾದ ತಲೆದಿಂಬಿನ ಕೆಳಗೆ ಇಟ್ಟುಕೊಂಡಿದ್ದರೆ ಶೀಟು ಬದಲಿಸುವಾಗ ಜೋಪಾನವಾಗಿ ತೆಗೆದು, ಮತ್ತೆ ಅಲ್ಲೇ ಇಡು.

ರೋಗಿಗಳ ಫೋಟೊ ಮಾತ್ರ ಯಾವತ್ತೂ ತೆಗೆಯಬೇಡ. ಕ್ರಿಸ್ಮಸ್ಸಿಗೆ ಕುಸ್ವಾರ್ ತಿಂಡಿ ಹಂಚಲಿಕ್ಕೆ ಹೋದಾಗಲೂ ಬೇಡ. ಬಲಗೈ ಮಾಡಿದ್ದು ಎಡಗೈಗೂ ಗೊತ್ತಾಗಬಾರದು ಅಂತ ಕಲಿತವರು ನಾವು.

ಇನ್ನು, ನಿಮ್ಮ ವಾರ್ಡಿನ ಆಯಾ, ಕಸ ಗುಡಿಸುವವರು, ಅವರ ಹೆಸರು ಕೇಳಿ ತಿಳಿದುಕೊಂಡೆಯಾ? ಅವರನ್ನು ಅಕ್ಕ ಅಂತಲೇ ಕರಿ. ಬೆಡ್‌ಪ್ಯಾನ್ ತೆಗೆಯುವ ಕೆಲಸ ಅವರದ್ದು ಅಂತ ಕರೆದು ಕಾಯುತ್ತಾ ನಿಲ್ಲಬೇಡ, ನಿನ್ನ ಕೈ ಖಾಲಿ ಇದ್ದರೆ ನೀನೇ ತೆಗಿ. ನನಗೆ ಕೆಲಸ ಕಲಿಸಿದವರು ಅಂಥವರೇ.

ಆ ಅಜ್ಜಿ ಇನ್ನೂ ವಾರ್ಡಿನಲ್ಲಿದ್ದರೆ ನಾಳೆ ಹೋಗಿ ಮಾತಾಡಿಸು. ಕ್ಷಮೆ ಗಿಮೆ ಅಂತ ಎತ್ತಬೇಡ, ಅವರಿಗೆ ಮತ್ತೆ ನಾಚಿಕೆಯಾಗುತ್ತದೆ. ಯಾವ ಊರು, ಮನೆಯಲ್ಲಿ ದನ ಇದೆಯಾ, ತೆಂಗಿಗೆ ಈ ವರ್ಷ ಕಾಯಿ ಹೇಗೆ ಅಂತ ಕೇಳು. ಏನಾದರೂ ಕಲಿತರೆ ನನಗೂ ಹೇಳು.

ಪದೇ ಪದೇ ಕೈ ತೊಳೆದು ನಿನ್ನ ಬೆರಳು ಒಡೆಯುತ್ತಿದೆ ಅಂದೆ. ರಾತ್ರಿ ಮಲಗುವಾಗ ತೆಂಗಿನೆಣ್ಣೆ ಹಚ್ಚಿಕೋ. ಮನೆಯ ಎಣ್ಣೆ ಒಂದು ಬಾಟಲಿ, ಸ್ವಲ್ಪ ಹಪ್ಪಳ, ಎರಡು ಹತ್ತಿ ಟವೆಲು ಕಟ್ಟಿಟ್ಟಿದ್ದೇನೆ. ಅಪ್ಪ ಶನಿವಾರ ಮಂಗಳೂರಿಗೆ ಬರುವಾಗ ತರುತ್ತಾರೆ. ಬೆಳಿಗ್ಗೆ ಏನೂ ತಿನ್ನದೆ ಡ್ಯೂಟಿಗೆ ಓಡಬೇಡ, ಖಾಲಿ ಹೊಟ್ಟೆಗೆ ವಾಸನೆ ಇನ್ನೂ ಜಾಸ್ತಿ ಹೊಡೆಯುತ್ತದೆ.

ದೇವರು ನಿನ್ನ ಜೊತೆ ಇರಲಿ.

ನಿನ್ನ ಪ್ರೀತಿಯ
ಅಮ್ಮ