ಬೋರ್ಡ್ ಬರೆಯುವ ಗೆಳೆಯನಿಗೊಂದು ಪತ್ರ

ಕಾರವಾರ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ, 'ಬೋರ್ಡ್ ಬರೆಯೋದು ಹೊಟ್ಟೆಪಾಡು, ಕಲೆ ಬೇರೆ' ಅಂದೆಯಲ್ಲ, ಆ ಮಾತು ನನಗೆ ಒಪ್ಪಿಗೆಯಾಗಲಿಲ್ಲ ಮಾರಾಯ. ಜೇಮ್ಸ್ ರೋಸೆನ್‌ಕ್ವಿಸ್ಟ್ ಎಂಬ ಅಮೆರಿಕದ ಪಾಪ್ ಕಲಾವಿದನ (ಜಾಹೀರಾತು, ದಿನಬಳಕೆಯ ಸಾಮಾನುಗಳನ್ನೇ ಚಿತ್ರವಾಗಿಸುವವರು ಇವರು) ಕತೆ ನಿನಗೆ ಹೇಳಲೇಬೇಕು.

ಹುಟ್ಟಿದ್ದು 1933ರಲ್ಲಿ, ನಾರ್ತ್ ಡಕೋಟದ ಗ್ರ್ಯಾಂಡ್ ಫೋರ್ಕ್ಸ್‌ನಲ್ಲಿ. ಅಪ್ಪ, ಅಮ್ಮ ಇಬ್ಬರಿಗೂ ವಿಮಾನ ಹಾರಿಸುವ ಹುಚ್ಚು. ಚಿತ್ರದ ರುಚಿ ಹತ್ತಿಸಿದ್ದು ಅಮ್ಮ. ಮುಂದೆ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಕ್ಯಾಮರಾನ್ ಬೂತ್ ಎಂಬ ಒಳ್ಳೆಯ ಗುರು ಸಿಕ್ಕರು. ಆ ದಿನಗಳಲ್ಲೇ ಪೆಟ್ರೋಲ್ ಬಂಕುಗಳ ಬೋರ್ಡ್ ಬರೆದ. 1955ರಲ್ಲಿ ನ್ಯೂಯಾರ್ಕಿಗೆ ಬಂದು ಆರ್ಟ್ ಸ್ಟೂಡೆಂಟ್ಸ್ ಲೀಗ್ ಎಂಬ ಕಲಾಶಾಲೆ ಸೇರಿದ.

1957ರಿಂದ ಶುರುವಾಯಿತು ನೋಡು ನಿನ್ನದೇ ಕೆಲಸ! ಟೈಮ್ಸ್ ಸ್ಕ್ವೇರ್‌ನ ಎತ್ತರದಲ್ಲಿ ಅಟ್ಟಣಿಗೆ ಮೇಲೆ ನಿಂತು ಭಾರೀ ಜಾಹೀರಾತು ಬರೆಯುವುದು. ಅಷ್ಟು ಹತ್ತಿರದಿಂದ ನೋಡಿದರೆ ನಟಿಯ ಕೆನ್ನೆ ಕೆನ್ನೆಯಾಗಿ ಕಾಣುವುದಿಲ್ಲ, ಬರೀ ಬಣ್ಣ. ಬೈತ್‌ಖೋಲ್ ಬಂದರಿನಲ್ಲಿ ನೀನು ಬೋಟಿಗೆ ಹೆಸರು ಬರೆಯುವಾಗಲೂ ಹಾಗೇ ಅಲ್ವಾ? ಮೂಗು ಹಲಗೆಗೆ ತಾಗುವಷ್ಟು ಹತ್ತಿರ ಕೂತು ಬಣ್ಣ ತುಂಬುತ್ತೀಯ, ಆಮೇಲೆ ಹಿಂದೆ ಹಿಂದೆ ಸರಿದು ಅಕ್ಷರ ನೋಡುತ್ತೀಯ.

ಅದೇ ನೋಟ ಅವನ ಕಲೆಯಾಯಿತು. ಅಲ್ಲಿಯವರೆಗೆ ಆ ಕಾಲದ ಹಲವರಂತೆ ಅಮೂರ್ತ ಚಿತ್ರ ಬರೆಯುತ್ತಿದ್ದ. 1960ರಲ್ಲಿ ಜೊತೆಗಾರರಿಬ್ಬರು ಅಟ್ಟಣಿಗೆಯಿಂದ ಬಿದ್ದು ಸತ್ತರು. ಇವನು ಕೆಲಸ ಬಿಟ್ಟ. ಬಾಡಿಗೆ ಜಾಗದಲ್ಲಿ ಸ್ಟುಡಿಯೋ ಮಾಡಿಕೊಂಡು ಜಾಹೀರಾತಿನ ಕೈಚಳಕವನ್ನೇ ಕ್ಯಾನ್ವಾಸಿಗೆ ತಂದ. ಅಮೆರಿಕದ ಅಧ್ಯಕ್ಷ ಕೆನಡಿಯ ಮುಖ, ಕೇಕಿನ ತುಂಡು, ಷೆವರ್ಲೆ ಕಾರು, ಮೂರೂ ಒಂದೇ ಚಿತ್ರದಲ್ಲಿ! 1965ರಲ್ಲಿ ಮುಗಿಸಿದ 'ಎಫ್-111' ಎಂಬ ಚಿತ್ರ 86 ಅಡಿ ಉದ್ದ. ಅದು ಒಂದು ಯುದ್ಧವಿಮಾನದ ಹೆಸರು. ಆ ವಿಮಾನದ ಮೈಮೇಲೆ ಟೈರು, ಬಲ್ಬು, ಸ್ಪಗೆಟ್ಟಿ, ಅಣುಬಾಂಬಿನ ಹೊಗೆ, ನಗುವ ಪುಟ್ಟ ಹುಡುಗಿ. ವಿಯೆಟ್ನಾಂ ಯುದ್ಧದ ಕಾಲ ಅದು. ಸಾಮಾನು ಮಾರಲು ಕಲಿತ ಕೈ, ಬಾಂಬೂ ಅದೇ ಸಂತೆಯ ಸಾಮಾನು ಅಂತ ತೋರಿಸಿತು. ಬೋರ್ಡ್ ಬರೆಯದವನಿಗೆ ಅದು ಹೊಳೆಯುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

ಫ್ಲೆಕ್ಸ್ ಬಂದ ಮೇಲೆ ಶಿರಸಿಯಲ್ಲಿ ನಿನಗೆ ಕೆಲಸ ಕಮ್ಮಿಯಾಗಿದೆ, ಗೊತ್ತು. ಜಾತ್ರೆಗೂ ಈಗ ಫ್ಲೆಕ್ಸೇ. ಆ ಸಂಕಟವನ್ನು ನಾನು ಸಣ್ಣದು ಅನ್ನುವುದಿಲ್ಲ. ಆದರೆ ನಿನ್ನ ಕೈ ಎಲ್ಲೂ ಹೋಗಿಲ್ಲ.

ಜೂನ್, ಜುಲೈನಲ್ಲಿ ಮೀನುಗಾರಿಕೆ ನಿಂತು ಬೋಟುಗಳ ರಿಪೇರಿ, ಬಣ್ಣ ನಡೆಯುತ್ತದಲ್ಲ, ಆಗ ಹೇಗೂ ಘಟ್ಟ ಇಳಿದು ಬರುತ್ತೀಯ. ಉಳಿದ ಎನಾಮಲ್ ಚೆಲ್ಲಬೇಡ. ರೋಸೆನ್‌ಕ್ವಿಸ್ಟನೂ ಜಾಹೀರಾತಿನ ಉಳಿದ ಬಣ್ಣ ಮನೆಗೆ ಒಯ್ಯುತ್ತಿದ್ದ. ಎರಡು ದೊಡ್ಡ ಪ್ಲೈವುಡ್ ಹಲಗೆ ನಮ್ಮ ಜಗಲಿಯಲ್ಲಿ ತೆಗೆದಿಟ್ಟಿದ್ದೇನೆ. ಯಾರ ಹೆಸರೂ ಬೇಡ, ಯಾವ ಅಂಗಡಿಯೂ ಬೇಡ. ನಿನಗೆ ಬೇಕಾದ್ದು ಬರೆ. ಯಾವತ್ತು ಬರುತ್ತೀಯ, ತಿಳಿಸು.

ನಿನ್ನ ಗೆಳೆಯ