ಅವರೆಕಾಯಿ ಸುಲಿಯೋಕೆ ಎಲ್ಲರೂ ಕೂತ್ಕೊಳ್ಳಿ

ಮಾನ್ಯ ಸಂಪಾದಕರೇ, ನಮಸ್ಕಾರ.

ಡಿಸೆಂಬರ್ ಬಂತು ಅಂದ್ರೆ ಪೇಪರ್ ತುಂಬಾ ವರ್ಷದ ಕೊನೆಗೆ ಎಲ್ಲಿಗೆ ಟೂರ್ ಹೋಗಬಹುದು ಅನ್ನೋದೇ ಸುದ್ದಿ. ಕೊಡಗು, ಚಿಕ್ಕಮಗಳೂರು, ಗೋಕರ್ಣ, ಹೋಮ್‌ಸ್ಟೇ ರೇಟು, ನಂದಿ ಬೆಟ್ಟದ ಕೆಳಗೆ ಬೆಳಗಿನ ಜಾವ ಸಾಲಾಗಿ ನಿಂತಿರೋ ಕಾರುಗಳ ಫೋಟೋ. ಹೋಗೋರು ಖುಷಿಯಾಗಿ ಹೋಗ್ಬರಲಿ, ನನ್ನದೇನೂ ತಕರಾರಿಲ್ಲ. ನಾನು ಬರೀತಿರೋದು ಊರಲ್ಲೇ ಉಳಿಯೋರ ಬಗ್ಗೆ, ಅದರಲ್ಲೂ ಕಡಲೆಕಾಯಿ ಪರಿಷೆ ಮುಗಿದಾಗಿಂದ ಸಂಕ್ರಾಂತಿ ತನಕ ಬೆಂಗಳೂರಿನ ಅಡುಗೆಮನೆಗಳಲ್ಲಿ ನಡೆಯೋ ಕೆಲಸದ ಬಗ್ಗೆ. ಇದಕ್ಕೂ ನಿಮ್ಮ ಪೇಪರಲ್ಲಿ ಜಾಗ ಸಿಗ್ಬೇಕು ಅಂತ ನಂಗೆ ತುಂಬಾ ದಿನದಿಂದ ಅನಿಸ್ತಿದೆ.

ಮೊದಲು ಈ ರಜೆ ಅನ್ನೋದೇ ಎಲ್ಲರಿಗೂ ಒಂದೇ ಥರ ಇಲ್ಲ. ನಮ್ಮ ಬಿಲ್ಡಿಂಗಲ್ಲಿ ಮೇಲಿನ ಮನೆ ಮಕ್ಕಳಿಗೆ ಕ್ರಿಸ್ಮಸ್‌ಗೆ ಅಂತ ಹತ್ತಿರ ಹತ್ತಿರ ಹತ್ತು ದಿನ ಸ್ಕೂಲಿಲ್ಲ, ಸ್ಟೇಟ್ ಸಿಲಬಸ್‌ನಲ್ಲಿ ಓದೋ ನನ್ನ ಮೊಮ್ಮಗನಿಗೆ 25ನೇ ತಾರೀಖು ಒಂದು ದಿನ ರಜೆ, ಮಾರನೇ ದಿನ ಮತ್ತೆ ಬ್ಯಾಗು ಹೊತ್ಕೊಂಡು ಹೊರಡಬೇಕು. ಅವನ ಉದ್ದದ ರಜೆ ದಸರಾದಲ್ಲೇ ಮುಗಿದುಹೋಗಿರುತ್ತೆ. ಸೊಸೆ ಆಫೀಸಲ್ಲಿ ಅರ್ಧ ಜನ ರಜೆ ಹಾಕಿರೋದ್ರಿಂದ ಉಳಿದೋರಿಗೆ ಡಬಲ್ ಕೆಲಸ. ಹಾಗಾಗಿ ನಮ್ಮಂಥೋರ ಮನೆಗಳಲ್ಲಿ ರಜೆ ಅಂದ್ರೆ ಭಾನುವಾರ, ಮತ್ತೆ ರಾತ್ರಿ ಊಟಕ್ಕೆ ಮುಂಚಿನ ಒಂದು ಗಂಟೆ, ಅಷ್ಟೇ.

ಆ ಒಂದು ಗಂಟೇಲಿ ನಾವು ಅವರೆಕಾಯಿ ಸುಲೀತೀವಿ. ಈ ಚಳೀಲಿ ಮಾಗಡಿ ಕಡೆಯಿಂದ ಬರೋ ಸೊಗಡಿನ ಅವರೆಕಾಯಿ ಚೀಲ ಬಿಚ್ಚಿದ ತಕ್ಷಣ ಇಡೀ ಮನೆ ಘಮ್ ಅನ್ನುತ್ತೆ, ಇಬ್ಬನಿ ಬಿದ್ದಷ್ಟೂ ಸೊಗಡು ಜಾಸ್ತಿ ಅಂತ ನಮ್ಮತ್ತೆ ಹೇಳೋರು. ನೆಲದ ಮೇಲೆ ಹಳೇ ಪೇಪರ್ ಹಾಸಿ (ನಿಮ್ಮ ಪೇಪರೇ ಸ್ವಾಮಿ, ಓದಿ ಮುಗಿಸಿದ ಮೇಲೆ) ಸುತ್ತ ಕೂರ್ತೀವಿ. ಕೈಯೆಲ್ಲ ಸೊಗಡಿನ ಎಣ್ಣೆಯಿಂದ ಅಂಟಂಟು, ಆ ಕೈಲಿ ಯಾರೂ ಮೊಬೈಲ್ ಮುಟ್ಟಲ್ಲ. ನಾನು ಗಮನಿಸಿರೋದು ಇದನ್ನೇ. ಯಾರೂ ಮೊಬೈಲ್ ಇಡಿ ಅಂತ ಬೈಯೋ ಹಾಗಿಲ್ಲ, ಅದು ತಾನಾಗೇ ಸೋಫಾ ಮೇಲೆ ಬಿದ್ದಿರುತ್ತೆ, ಮಾತು ತಾನಾಗೇ ಶುರುವಾಗುತ್ತೆ. ಕಾಯಲ್ಲಿ ಹಸಿರು ಹುಳ ಸಿಕ್ರೆ ಮೊಮ್ಮಗಳು ಕಿರುಚ್ತಾಳೆ, ಅವಳಣ್ಣ ಬೇಕಂತ ಅದನ್ನೇ ಹುಡುಕ್ತಾನೆ. ನಮ್ಮ ಯಜಮಾನ್ರು 1884ನೇ ಇಸವಿ ಜನವರಿ 13ಕ್ಕೆ ಬೆಂಗಳೂರಲ್ಲಿ 7.8 ಡಿಗ್ರಿ ಚಳಿ ಇತ್ತು, ಈಗ 15 ಡಿಗ್ರಿಗೇ ಮಂಕಿ ಕ್ಯಾಪ್ ಹಾಕ್ಕೊಂಡು ಕೂತಿದೀರಲ್ಲ ಅಂತ ಶುರು ಮಾಡ್ತಾರೆ, ಅಲ್ಲಿಂದ ಮಾತು ಅವರ ಬಾಲ್ಯಕ್ಕೆ ಹೋಗುತ್ತೆ, ಬಚ್ಚಲ ಒಲೆ ಮುಂದೆ ಮೈ ಕಾಯಿಸ್ಕೊಂಡಿದ್ದು, ತುಟಿ ಒಡೆದ್ರೆ ಬೆಣ್ಣೆ ಹಚ್ತಿದ್ದಿದ್ದು. ಮಗ ಆಫೀಸಿನ ಕಷ್ಟ ಹೇಳ್ಕೊಂಡಿದ್ದೂ ಇಲ್ಲಿ ಕೂತಾಗ್ಲೇ. ಊಟದ ಟೇಬಲ್ ಹತ್ರ ಕೇಳಿದ್ರೆ ಏನಿಲ್ಲಮ್ಮ ಅಂತಿದ್ದೋನು ಕಾಯಿ ಸುಲೀತಾ ತಲೆ ಬಗ್ಗಿಸ್ಕೊಂಡು ಎಲ್ಲಾ ಹೇಳ್ದ.

ಹಿದುಕಿದ ಬೇಳೆ ಸಾರು ಬೇಕು ಅಂದ್ರೆ ಕಾಳನ್ನ ನೆನೆಸಿ ಒಂದೊಂದೇ ಹಿದುಕಬೇಕು, ಐದಾರು ಜನಕ್ಕೆ ಸಾಕಾಗೋಷ್ಟು ಬೇಳೆನ ಒಬ್ಬಳೇ ಕೂತು ಹಿದುಕಿದ್ರೆ ಬೆರಳ ತುದಿ ಸುಕ್ಕುಗಟ್ಟಿ ನೋಯುತ್ತೆ, ನಾಲ್ಕು ಜನ ಕೂತ್ರೆ ಆಟ ಆಡ್ತಾ ಆಡ್ತಾ ಮುಗೀತು.

ಮೇಲಿನ ಮನೆಯೋರು ಕ್ರಿಶ್ಚಿಯನ್ನರು, ಅಲ್ಲೂ ಇದೇ ಕಥೆ. ಕೇಕಿಗೆ ದ್ರಾಕ್ಷಿ ಗೋಡಂಬಿ ಎಲ್ಲಾ ತಿಂಗಳ ಮುಂಚೆನೇ ನೆನೆಸಿಟ್ಟಿರ್ತಾರೆ, ಅದು ಆಂಟಿ ಒಬ್ರದ್ದೇ ಕೆಲಸ. ಆದ್ರೆ ಕುಲ್‌ಕುಲ್ ಅನ್ನೋ ಸಿಹಿ ತಿಂಡಿ ಮಾಡೋ ದಿನ ಮಾತ್ರ ಎಲ್ಲರೂ ಕೂರಲೇಬೇಕು, ಚಿಕ್ಕ ಚಿಕ್ಕ ಹಿಟ್ಟಿನ ಉಂಡೆನ ಫೋರ್ಕಿನ ಹಿಂಭಾಗಕ್ಕೆ ಒತ್ತಿ ಸುರುಳಿ ಸುತ್ತೋದು, ನೂರಾರು ಸುತ್ತಬೇಕಲ್ಲ, ಒಬ್ಬರ ಕೈಲಿ ಆಗೋ ಮಾತಲ್ಲ. ನನ್ನ ಮೊಮ್ಮಕ್ಕಳೂ ಮೇಲೆ ಹೋಗಿ ಸುತ್ತಿ ಬರ್ತಾರೆ. ಆ ಮನೆ ಮಕ್ಕಳು ಜನವರೀಲಿ ನಮ್ಮನೆ ಎಳ್ಳು ಬೆಲ್ಲಕ್ಕೆ ಹುರಿದ ಕಡಲೆಕಾಯಿ ಬೀಜದ ಸಿಪ್ಪೆ ಊದೋಕೆ ಬರ್ತಾರೆ. ಯಾರೂ ಭಾಷಣ ಮಾಡಿ ಕಲಿಸಿದ್ದಲ್ಲ ಇದು.

ಈ ಸೀಸನ್ನಿನ ಕೆಲಸ ಎಲ್ಲಾ ಹೀಗೇ, ತುಂಬಿದ ಮನೆ ಇದ್ದ ಕಾಲಕ್ಕೆ ಅಂತ ಮಾಡಿರೋದು. ಮನೆ ಚಿಕ್ಕದಾಯ್ತು, ಕೆಲಸ ಮಾತ್ರ ಅಷ್ಟೇ ಉಳೀತು, ಅದು ಪೂರ್ತಿ ಒಬ್ಬ ಹೆಂಗಸಿನ ತಲೆ ಮೇಲೆ ಬಂತು. ಧನುರ್ಮಾಸ ಅಂತ ಸೂರ್ಯ ಹುಟ್ಟೋಕೆ ಮುಂಚೆ ಎದ್ದು ಸ್ನಾನ, ಪೂಜೆ, ನೈವೇದ್ಯಕ್ಕೆ ಹುಗ್ಗಿ, ಆಮೇಲೆ ಡಬ್ಬಿ ತುಂಬಿಸಿ ಎಲ್ಲರನ್ನೂ ಕಳಿಸೋದು, ಆಮೇಲೆ ತಾನೂ ಬಸ್ಸೋ ಮೆಟ್ರೋನೋ ಹಿಡಿದು ಆಫೀಸಿಗೆ ಓಡೋದು, ಸಂಜೆ ಬಂದ್ರೆ ಎರಡು ಕೆಜಿ ಅವರೆಕಾಯಿ ಕಾಯ್ತಾ ಇರುತ್ತೆ. ಅವಳಿಗೆ ಎಲ್ಲಿಯ ರಜೆ ಹೇಳಿ? ಮನೆ ಗಂಡಸರು ಸಾರು ಚೆನ್ನಾಗಿದೆ ಅಂತ ಇನ್ನೊಂದು ಮುದ್ದೆ ಹಾಕಿಸ್ಕೊಂಡ್ರೆ ಸಾಲದು, ಕಾಯಿ ಸುಲಿಯೋಕೆ ನೆಲದ ಮೇಲೆ ಕೂರಬೇಕು. ಇದನ್ನ ನಾನು ಕೋಪದಿಂದ ಹೇಳ್ತಿಲ್ಲ, ಕೂತ್ರೆ ಅವರಿಗೇ ಎಷ್ಟು ಸಿಗುತ್ತೆ ಅಂತ ನಮ್ಮನೇಲಿ ನೋಡಿರೋದ್ರಿಂದ ಹೇಳ್ತಿದೀನಿ.

ಪುರುಸೊತ್ತಿಲ್ಲದೋರು ಸುಲಿದ ಕಾಳನ್ನೇ ತರ್ತಾರೆ, ಅದರಲ್ಲಿ ತಪ್ಪೇನಿಲ್ಲ. ಆದ್ರೆ ಮಾರ್ಕೆಟ್ಟಲ್ಲಿ ಆ ಕಾಳು ಸುಲಿದು ಗುಡ್ಡೆ ಹಾಕೋ ಅಮ್ಮಂದಿರನ್ನ ಒಂದ್ಸಲ ನೋಡಿ, ಬೆಳಗಿನ ಚಳೀಲಿ ಗೋಣಿಚೀಲದ ಮೇಲೆ ಕೂತಿರ್ತಾರೆ, ಉಗುರೆಲ್ಲ ಕಪ್ಪಗಾಗಿರುತ್ತೆ. ಅವರ ಹತ್ರ ಮಾತ್ರ ಹತ್ತು ರೂಪಾಯಿಗೆ ಚೌಕಾಸಿ ಮಾಡ್ಬೇಡಿ ದಯವಿಟ್ಟು.

ಈಗ ನನ್ನ ಕೋರಿಕೆ. ಒಂದು, ರಜೆ ಕೊಡೋ ಸ್ಕೂಲುಗಳು ಆ ಹತ್ತು ದಿನಕ್ಕೆ ಅಂತ ರಾಶಿ ಪ್ರಾಜೆಕ್ಟ್ ಕೊಡೋದು ನಿಲ್ಲಿಸ್ಲಿ ಅಂತ ನೀವು ಬರೀಬೇಕು, ಥರ್ಮೋಕೋಲು ಕತ್ತರಿಸ್ತಾ ಕೂರೋದು ಕೊನೆಗೆ ಅಮ್ಮಂದಿರೇ. ಇನ್ನೊಂದು, ಸಂಕ್ರಾಂತಿ ದಿನ ಗವಿ ಗಂಗಾಧರೇಶ್ವರನ ಲಿಂಗದ ಮೇಲೆ ಸೂರ್ಯನ ಕಿರಣ ಬೀಳೋ ಫೋಟೋ ಪ್ರತಿ ವರ್ಷ ಹಾಕ್ತೀರಿ, ನಾವು ಹನುಮಂತನಗರದೋರು, ಪಕ್ಕದಲ್ಲೇ ಇದ್ರೂ ಆ ಫೋಟೋಗೆ ಕಾಯ್ತೀವಿ. ಅದಕ್ಕೆ ಎರಡು ವಾರ ಮುಂಚೆ ಎಳ್ಳು ಬೆಲ್ಲ ಮನೇಲಿ ಮಾಡೋ ಬಗ್ಗೆ ಅರ್ಧ ಪುಟ ಬರೀರಿ. ರೆಸಿಪಿ ಥರ ಬೇಡ, ಮನೇಲಿ ಯಾರು ಯಾವ ಕೆಲಸ ಮಾಡಬಹುದು ಅನ್ನೋ ಥರ. ಕೊಬ್ಬರಿ ಹೆರೆದು ಸಣ್ಣಗೆ ಹೆಚ್ಚೋದು, ಬೆಲ್ಲ ಕತ್ತರಿಸೋದು ಗಟ್ಟಿ ಕೈ ಇರೋ ಗಂಡಸರಿಗೆ, ಬಿಸಿಲಿಗೆ ಹಾಕಿದ್ದನ್ನ ಕಾಗೆ ಬರದ ಹಾಗೆ ಕಾಯೋದು ಅಜ್ಜ ಅಜ್ಜಿಗೆ, ಸಕ್ಕರೆ ಅಚ್ಚಿನ ಮರದ ಅಚ್ಚುಗಳನ್ನ ನೆನೆಸಿ ರಬ್ಬರ್ ಬ್ಯಾಂಡ್ ಹಾಕೋದು ಮಕ್ಕಳಿಗೆ, ಪಾಕ ಮಾತ್ರ ಕೈ ಪಳಗಿದೋರೇ ಹುಯ್ಯಲಿ. ಕೊಬ್ಬರಿ ಬೆಲ್ಲ ಚೆನ್ನಾಗಿ ಒಣಗೋಕೆ ನಾಲ್ಕೈದು ದಿನದ ಒಳ್ಳೆ ಬಿಸಿಲು ಬೇಕು, ಹಾಗಾಗಿ ಜನವರಿ ಮೊದಲ ವಾರದೊಳಗೆ ಪ್ರಿಂಟ್ ಆದ್ರೆ ಎಲ್ಲರಿಗೂ ಉಪಯೋಗಕ್ಕೆ ಬರುತ್ತೆ.

ಇಂತಿ,
ನಿಮ್ಮ ಖಾಯಂ ಓದುಗಳು,
ಹನುಮಂತನಗರ, ಬೆಂಗಳೂರು