ಹಸಿರು ಟ್ರ್ಯಾಕ್ಟರ್ ಮೇಲೆ ಹೆಸರಿರುವ ಕಂಬಾರ

ಮೊಲೀನ್, ಇಲಿನಾಯ್, ಅಮೆರಿಕ

ಅಪ್ಪಾ, ಅವ್ವಾ, ಇಬ್ಬರಿಗೂ ನಮಸ್ಕಾರ.

ನಾನು ಆರಾಮಾಗಿದ್ದೇನೆ. ಅಪ್ಪಾ, ಮೊನ್ನೆ ಫೋನಿನಲ್ಲಿ ಕೇಳಿದಿರಲ್ಲ, ಪಕ್ಕದ ಹೊಲದವರ ಹಸಿರು ಟ್ರ್ಯಾಕ್ಟರ್ ಮೇಲೆ ಬರೆದಿರುವ ಜಾನ್ ಡೀರ್ ಅಂದ್ರೆ ಯಾರು, ದೊಡ್ಡ ಸಾಹುಕಾರನಾ ಅಂತ. ಫೋನಿನಲ್ಲಿ ಶುರು ಮಾಡಿದರೆ ಅರ್ಧಕ್ಕೇ ಲೈನ್ ಕಟ್ ಆಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ನಾನಿರುವುದು ಅವನದೇ ಊರಿನಲ್ಲಿ. ಸಾಹುಕಾರ ಆಗಿದ್ದು ಆಮೇಲೆ. ಮೊದಲು ಅವನು ಸಾಲ ತೀರಿಸಲಾಗದೆ ಊರು ಬಿಟ್ಟ ಕಂಬಾರ.

ಹುಟ್ಟಿದ್ದು 1804ರಲ್ಲಿ, ವರ್ಮಾಂಟ್ ರಾಜ್ಯದ ರಟ್ಲೆಂಡ್‌ನಲ್ಲಿ. ಅಪ್ಪ ವಿಲಿಯಂ ದರ್ಜಿ. 1808ರಲ್ಲಿ ಇಂಗ್ಲೆಂಡಿಗೆ ಅಂತ ಹಡಗು ಹತ್ತಿದವನು ತಿರುಗಿ ಬರಲೇ ಇಲ್ಲ, ಏನಾದ ಅಂತ ಸುದ್ದಿಯೂ ಇಲ್ಲ. ತಾಯಿ ಸಾರಾ ಮಿಡಲ್‌ಬರಿಯಲ್ಲಿ ಬಟ್ಟೆ ಹೊಲಿದು ಹೊಲಿದೇ ಮಕ್ಕಳನ್ನು ಸಾಕಿದಳು. ಹುಡುಗ 17ನೇ ವಯಸ್ಸಿಗೆ ಕುಲುಮೆ ಸೇರಿದ, ನಾಲ್ಕು ವರ್ಷ ಕೆಲಸ ಕಲಿತ. 1827ರಲ್ಲಿ ಡಿಮೇರಿಯಸ್ ಲ್ಯಾಂಬ್ ಎನ್ನುವವಳನ್ನು ಮದುವೆಯಾದ. ಹುಲ್ಲು ಎತ್ತುವ ಕವೆ, ಸಲಿಕೆ ಇಂಥವನ್ನು ಕನ್ನಡಿಯ ಹಾಗೆ ಉಜ್ಜಿ ಕೊಡುತ್ತಿದ್ದನಂತೆ, ಕೆಲಸಕ್ಕೆ ಒಳ್ಳೆ ಹೆಸರಿತ್ತು. ಆದರೆ ಹೆಸರಿದ್ದರೆ ಹೊಟ್ಟೆ ತುಂಬಬೇಕಲ್ಲ. ಕಟ್ಟಿದ ಕುಲುಮೆ ಸುಟ್ಟುಹೋಯಿತು, ಸಾಲ ಮಾಡಿ ಮತ್ತೆ ಕಟ್ಟಿದ, ಅದೂ ಸುಟ್ಟಿತು. ಸಾಲ ಕೊಟ್ಟವರು ಬಾಗಿಲಿಗೆ ಬಂದರು. 1836ರಲ್ಲಿ ಬಸುರಿ ಹೆಂಡತಿ, ನಾಲ್ಕು ಮಕ್ಕಳನ್ನು ಅಲ್ಲೇ ಬಿಟ್ಟು ಪಶ್ಚಿಮಕ್ಕೆ ಹೊರಟುಬಿಟ್ಟ.

ಬಂದು ಸೇರಿದ್ದು ಇದೇ ಇಲಿನಾಯ್‌ನ ಗ್ರ್ಯಾಂಡ್ ಡಿಟೂರ್ ಎನ್ನುವ ಸಣ್ಣ ಊರಿಗೆ, ರಾಕ್ ನದಿ ದಂಡೆಯ ಮೇಲಿದೆ. ಅವನ ಕುಲುಮೆ ಇದ್ದ ಜಾಗವನ್ನು ಈಗಲೂ ಕಾಪಾಡಿಟ್ಟಿದ್ದಾರೆ, ರಜೆಯಲ್ಲಿ ಹೋಗಿ ನೋಡಿ ಬಂದೆ. ಅಪ್ಪಾ, ಇಲ್ಲಿಯ ಮಣ್ಣು ನೋಡಿದರೆ ನಿಮಗೆ ನಮ್ಮ ಎರೆ ಹೊಲವೇ ನೆನಪಾಗುತ್ತದೆ. ಕಪ್ಪು, ಹಸಿಯಾದರೆ ಜಿಗಟು. ಪೂರ್ವದ ಕಡೆಯಿಂದ ವಲಸೆ ಬಂದ ರೈತರು ಅಲ್ಲಿಯ ಸಡಿಲ ಮಣ್ಣಿಗೆ ಸರಿಯಾಗಿದ್ದ ಎರಕದ ಕಬ್ಬಿಣದ ನೇಗಿಲನ್ನೇ ಹೊತ್ತು ತಂದಿದ್ದರು. ನಾಲ್ಕು ಹೆಜ್ಜೆ ಉಳುವಷ್ಟರಲ್ಲಿ ಮಣ್ಣು ಮೆತ್ತಿಕೊಂಡು ನೇಗಿಲು ಮುದ್ದೆಯಾಗುತ್ತಿತ್ತು. ನಿಲ್ಲಿಸು, ಮರದ ಪಟ್ಟಿಯಿಂದ ಕೆರೆ, ಮತ್ತೆ ನಾಲ್ಕು ಹೆಜ್ಜೆ. ದಿನವಿಡೀ ಇದೇ ಗೋಳು. ಈ ಭೂಮಿಯ ಸಹವಾಸವೇ ಬೇಡ ಅಂತ ಗಂಟುಮೂಟೆ ಕಟ್ಟಲು ಹೊರಟವರೂ ಇದ್ದರು.

ಲಿಯೊನಾರ್ಡ್ ಆಂಡ್ರಸ್ ಎನ್ನುವವನ ಕಟ್ಟಿಗೆ ಮಿಲ್ಲಿನಲ್ಲಿ ಒಂದು ಮುರಿದ ಗರಗಸ ಬಿದ್ದಿತ್ತು, ಒಳ್ಳೆ ಉಕ್ಕಿನದು. 1837ರಲ್ಲಿ ಡೀರ್ ಅದರ ಹಲ್ಲು ತೆಗೆದು ಗುಳ ಮಾಡಿದ. ಮಣ್ಣು ಮಗುಚುವ ಬಾಗಿದ ಹಲಗೆಯನ್ನು ಕಬ್ಬಿಣದಲ್ಲಿ ಬಡಿದು ನುಣ್ಣಗೆ ಉಜ್ಜಿದ. ಉಳುವಾಗ ಮಣ್ಣು ಅಂಟದೆ ತಾನಾಗಿ ಜಾರಿ ಬಿತ್ತು. ಅಷ್ಟೇ ನೋಡಿ ಆ ದೊಡ್ಡ ಕಂಪನಿಯ ಮೂಲ. ನಿಜ ಹೇಳಬೇಕಂದ್ರೆ ಉಕ್ಕಿನ ನೇಗಿಲು ಮೊದಲು ಮಾಡಿದ್ದು ಇವನಲ್ಲ, 1833ರಲ್ಲೇ ಇದೇ ರಾಜ್ಯದ ಜಾನ್ ಲೇನ್ ಎನ್ನುವ ಕಂಬಾರ ಗರಗಸದಿಂದಲೇ ಮಾಡಿದ್ದ. ಡೀರ್ ಜಾಣತನ ಬೇರೆ ಕಡೆ ಇತ್ತು. ಯಾರಾದರೂ ಬಂದು ಕೇಳಲಿ ಅಂತ ಕೂರದೆ ನೇಗಿಲುಗಳನ್ನು ಮೊದಲೇ ಮಾಡಿಟ್ಟು ಮಾರಲು ಹೊರಟ. 1842ರ ಹೊತ್ತಿಗೆ ವರ್ಷಕ್ಕೆ ನೂರು. ಉಕ್ಕು ಸಾಲದೆ ಇಂಗ್ಲೆಂಡಿನಿಂದ ತರಿಸಿದ. 1848ರಲ್ಲಿ ಮಿಸಿಸಿಪ್ಪಿ ದಂಡೆಯ ಈ ಮೊಲೀನ್‌ಗೆ ಬಂದ, ನೀರಿನ ಬಲದಿಂದ ಯಂತ್ರ ತಿರುಗಿಸಬಹುದು, ದೋಣಿಯಲ್ಲಿ ಮಾಲು ಸಾಗಿಸಬಹುದು ಅಂತ.

ಅವ್ವಾ, ಇದು ನಿನಗೆ. ಡಿಮೇರಿಯಸ್ ಗಂಡ ಹೋದ ಮೇಲೆ ಐದನೆಯ ಮಗು ಚಾರ್ಲ್ಸ್‌ನನ್ನು ಹೆತ್ತು, ಐದೂ ಮಕ್ಕಳನ್ನು ಕರೆದುಕೊಂಡು ವರ್ಮಾಂಟಿನಿಂದ ಇಲ್ಲಿಯವರೆಗೆ ಬಂದಳು, ರೈಲೂ ಇಲ್ಲದ ದಾರಿಯಲ್ಲಿ. ಅಪ್ಪ ಮೊದಲ ಸಲ ಮುಖ ನೋಡಿದ ಆ ಕೂಸೇ ಮುಂದೆ 21ನೇ ವಯಸ್ಸಿಗೆ ಕಂಪನಿ ನಡೆಸಲು ಕೂತ. 1857ರಲ್ಲಿ ದೇಶಕ್ಕೇ ದುಡ್ಡಿನ ಮುಗ್ಗಟ್ಟು ಬಂದಿತ್ತು, ಅಪ್ಪನಿಗಿಂತ ಮಗನಿಗೆ ಲೆಕ್ಕ ಚೆನ್ನಾಗಿ ಬರುತ್ತಿತ್ತು. 1865ರಲ್ಲಿ ಡಿಮೇರಿಯಸ್ ತೀರಿಕೊಂಡಳು, ಆಮೇಲೆ ಡೀರ್ ಅವಳ ತಂಗಿ ಲುಸೀನಿಯಾಳನ್ನೇ ಮದುವೆಯಾದ. ನಮ್ಮ ಕಡೆಯೂ ಹೀಗೆ ನಡೆಯುತ್ತಿತ್ತು, ಅಲ್ವಾ?

ಚಾರ್ಲ್ಸ್‌ಗೆ ಇಬ್ಬರೂ ಹೆಣ್ಣುಮಕ್ಕಳೇ. ಗಂಡು ದಿಕ್ಕಿಲ್ಲ ಅಂತ ಯಾರೂ ಅಳಲಿಲ್ಲ. ಅವನು 1907ರಲ್ಲಿ ತೀರಿಕೊಂಡಾಗ ಅಳಿಯ ಬಟರ್‌ವರ್ತ್ ಬಂದ, 1928ರಲ್ಲಿ ಇನ್ನೊಬ್ಬ ಮಗಳ ಮಗ ವೈಮನ್, 1955ರಲ್ಲಿ ಆ ವೈಮನ್‌ನ ಅಳಿಯ ಹೀವಿಟ್. 1982ರವರೆಗೂ ಮನೆಯವರೇ ನಡೆಸಿದರು, ಚಾರ್ಲ್ಸ್ ಹೋದ ಮೇಲಂತೂ ಜಾಸ್ತಿ ಕಾಲ ಅಳಿಯಂದಿರು! ನಮ್ಮ ದೊಡ್ಡಪ್ಪನಿಗೆ ಇದನ್ನು ಎರಡು ಸಲ ಓದಿ ಹೇಳಿ.

ಡೀರ್ ಎರಡು ವರ್ಷ ಇಲ್ಲಿಯ ಮೇಯರ್ ಕೂಡ ಆಗಿದ್ದ. 1886ರಲ್ಲಿ ಇದೇ ಊರಿನಲ್ಲಿ ಸತ್ತ. ತಮಾಷೆ ಅಂದ್ರೆ ತನ್ನ ಹೆಸರಿನ ಟ್ರ್ಯಾಕ್ಟರನ್ನು ಅವನು ಕಣ್ಣಿಂದಲೂ ನೋಡಿಲ್ಲ. ಕಂಪನಿ ಟ್ರ್ಯಾಕ್ಟರ್ ವ್ಯಾಪಾರಕ್ಕೆ ಇಳಿದದ್ದು 1918ರಲ್ಲಿ, ಬೇರೊಂದು ಕಂಪನಿಯನ್ನು ಕೊಂಡುಕೊಂಡು.

ಕುಲುಮೆಯ ಫೋಟೊಗಳನ್ನು ವಾಟ್ಸಾಪ್‌ಗೆ ಹಾಕಿದ್ದೇನೆ. ಅಪ್ಪಾ, ನಮ್ಮೂರ ಕಂಬಾರ ಅಜ್ಜನಿಗೆ ತೋರಿಸಿ, ಗರಗಸದಿಂದ ಗುಳ ಮಾಡಿದರೆ ಎಷ್ಟು ದಿನ ಬಾಳಿಕೆ ಬರುತ್ತದೆ ಅಂತ ಕೇಳಿ. ಅವರು ಏನಂದರು ಅನ್ನುವುದನ್ನು ಭಾನುವಾರ ಫೋನ್ ಮಾಡಿದಾಗ ಹೇಳಿ.

ಇಂತಿ ನಿಮ್ಮ ಮಗ